ಡೇಟಾಬೇಸ್ ಸರ್ವರಿನ ರಕ್ಷಣೆಯೂ ತಾನಾಗಿ ಬರುವ ಅಪ್‌ಡೇಟೂ: ಒಂದು ವಿವೇಚನೆ

ಮುಂಬಯಿಯ ಬ್ಯಾಂಕುಗಳ ಕೌಂಟರಿನ ಮುಂದೆ ಒಮ್ಮೆಯಾದರೂ ಸಾಲಿನಲ್ಲಿ ನಿಂತವರಿಗೆ ‘ಸರ್ವರ್ ಡೌನ್’ ಎಂಬ ಎರಡು ಪದಗಳ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಮರಾಠಿ, ಗುಜರಾತಿ, ಕನ್ನಡ, ಯಾವ ಭಾಷೆಯವನೇ ಆಗಲಿ, ಆ ಮಾತು ಕಿವಿಗೆ ಬಿದ್ದೊಡನೆ ಪಾಸ್‌ಬುಕ್ಕನ್ನು ಚೀಲದೊಳಗಿಟ್ಟು ಮನೆಯ ದಾರಿ ಹಿಡಿಯುತ್ತಾನೆ. ಆ ಸರ್ವರ್ ಎಂಬುದೇನು, ಅದು ನಿಲ್ಲುವುದೇಕೆ, ಕೆಲವು ವೇಳೆ ಅದನ್ನು ಬೇಕೆಂದೇ ನಿಲ್ಲಿಸಬೇಕಾಗುವುದೇಕೆ, ನಿಲ್ಲಿಸದೆ ಬಿಟ್ಟರೆ ಒದಗುವ ಅಪಾಯವೇನು ಎಂಬ ವಿಚಾರಗಳು ಮಾತ್ರ ನಮ್ಮ ವಿದ್ವದ್ವಲಯದ ಚರ್ಚೆಗೆ ಬಂದಂತೆ ಕಾಣುವುದಿಲ್ಲ. ಹಣದ ಲೆಕ್ಕವೆಲ್ಲ ಇಂದು ಯಂತ್ರದ ನೆನಪಿನಲ್ಲಿರುವಾಗ ಇದು ಕೇವಲ ತಂತ್ರಜ್ಞರ ವಿಷಯವೆಂದು ಕೈಬಿಡುವಂತಹುದಲ್ಲ. ಪ್ರಕೃತ ಲೇಖನವು ಈ ವಿಚಾರಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಳ್ಳುತ್ತದೆ. ಡೇಟಾಬೇಸ್ ಸರ್ವರಿಗೆ ಬೇಕಾದ ರಿಪೇರಿಗಳು ತಾವಾಗಿಯೇ ಬಂದು ಸೇರಿಕೊಳ್ಳಲೆಂದು ಬಾಗಿಲು ತೆರೆದಿಡಬೇಕೆ, ಅಥವಾ ಮನುಷ್ಯನೊಬ್ಬನು ನೋಡಿ ಒಪ್ಪಿದ ಮೇಲೆಯೇ ಅವನ್ನು ಒಳಗೆ ಬಿಡಬೇಕೆ?

ಪರಿಭಾಷೆಯ ವಿಷಯದಲ್ಲಿ ಮೊದಲು ಒಂದು ಮಾತು. ಡೇಟಾಬೇಸಿಗೆ ‘ದತ್ತಸಂಚಯ’ ಎಂದೂ ಅಪ್‌ಡೇಟಿಗೆ ‘ಪರಿಷ್ಕರಣ’ ಎಂದೂ ಪದಗಳು ಪ್ರಯೋಗದಲ್ಲಿವೆ, ಅವುಗಳಲ್ಲಿ ದೋಷವಿಲ್ಲ. ಆದರೆ ಬ್ಯಾಂಕಿನ ಒಳಗೂ ಹೊರಗೂ ಕನ್ನಡಿಗರು ಆಡುವುದು ಡೇಟಾಬೇಸ್, ಸರ್ವರ್, ಅಪ್‌ಡೇಟ್, ಪ್ಯಾಚ್ ಎಂದೇ ಆದುದರಿಂದ ನಾನೂ ಅವನ್ನೇ ಬಳಸುತ್ತೇನೆ. ಪ್ಯಾಚ್ ಎಂದರೆ ತೇಪೆ. ಈ ಒಂದು ಕಡೆಯಲ್ಲಿ ಮಾತ್ರ ನಮ್ಮ ದೇಶ್ಯಪದವು ಮೂಲಪದಕ್ಕಿಂತ ಹೆಚ್ಚು ಸಾರ್ಥಕವೆನ್ನಬೇಕು. ತೇಪೆ ಹಾಕಿದ ಅಂಗಿಯಲ್ಲಿ ತೂತು ಎಲ್ಲಿತ್ತೆಂಬುದು ದೂರದಿಂದಲೇ ಕಾಣುತ್ತದೆ. ತೇಪೆಯ ಈ ಗುಣವು ಮುಂದಿನ ಚರ್ಚೆಯಲ್ಲಿ ಮುಖ್ಯವಾದ ಪಾತ್ರವನ್ನು ವಹಿಸಲಿದೆ.

ಹಳೆಯ ಬ್ಯಾಂಕಿನಲ್ಲಿ ಲೆಡ್ಜರು ಶಾಖೆಯೊಳಗೇ ಇರುತ್ತಿತ್ತು. ಕೆನರಾ (1906), ಕಾರ್ಪೊರೇಶನ್ (1906), ಸಿಂಡಿಕೇಟ್ (1925), ವಿಜಯಾ (1931), ಇವೆಲ್ಲ ಅಂದಿನ ದಕ್ಷಿಣ ಕನ್ನಡದ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳು. ಇವುಗಳ ಮುಂಬಯಿ ಶಾಖೆಗಳಲ್ಲಿ ದುಡಿದ ನಮ್ಮ ಹಿರಿಯರು, ಸಂಜೆ ‘ಬ್ಯಾಲೆನ್ಸ್’ ತಾಳೆಯಾಗುವ ತನಕ ಆ ಭಾರದ ಪುಸ್ತಕಗಳ ಮುಂದೆ ಕುಳಿತು ಕಡೆಯ ಲೋಕಲ್ ಗಾಡಿಯಲ್ಲಿ ಮನೆಗೆ ಮರಳಿದ ಕಥೆಗಳನ್ನು ಇಂದಿಗೂ ಹೇಳುತ್ತಾರೆ. 1984ರ ರಂಗರಾಜನ್ ಸಮಿತಿಯ ವರದಿಯ ತರುವಾಯ ಶಾಖೆಗಳಿಗೆ ಲೆಡ್ಜರ್ ಬರೆಯುವ ಯಂತ್ರಗಳು ಬಂದವು. ಆಗಲೂ ಲೆಕ್ಕ ಶಾಖೆಯನ್ನು ಬಿಟ್ಟು ಕದಲಿರಲಿಲ್ಲ. ಯಂತ್ರ ಕೆಟ್ಟರೆ ಆ ಒಂದು ಶಾಖೆಯ ಕೆಲಸ ನಿಲ್ಲುತ್ತಿತ್ತು, ಅಷ್ಟೆ. ಈ ಶತಮಾನದ ಮೊದಲ ದಶಕದಲ್ಲಿ ಕೋರ್ ಬ್ಯಾಂಕಿಂಗ್ ಹರಡಿದ ಮೇಲೆ ಸ್ಥಿತಿ ಬದಲಾಯಿತು. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯ ಫಿನಾಕಲ್ ಮೊದಲಾದ ತಂತ್ರಾಂಶಗಳ ಮೂಲಕ ಬ್ಯಾಂಕಿನ ಎಲ್ಲ ಶಾಖೆಗಳೂ ಒಂದೇ ಪುಸ್ತಕದಲ್ಲಿ ಬರೆಯತೊಡಗಿದವು. ಬೊರಿವಲಿಯಲ್ಲಿ ಕಟ್ಟಿದ ಹಣ ಅದೇ ಕ್ಷಣದಲ್ಲಿ ಕುಂದಾಪುರದ ಶಾಖೆಯಲ್ಲಿ ಕಾಣುವುದು ಈ ಕಾರಣದಿಂದಲೇ. ಆ ಒಂದೇ ಪುಸ್ತಕವೇ ಡೇಟಾಬೇಸ್. ಅದನ್ನು ಕಾಯ್ದು, ಕೇಳಿದವರಿಗೆ ಪುಟ ತೆರೆದು ತೋರಿಸಿ, ಪ್ರತಿಯೊಂದು ವ್ಯವಹಾರವನ್ನೂ ಪೂರ್ಣವಾಗಿ ಬರೆಯುವ ಇಲ್ಲವೆ ಬರೆಯದೆಯೇ ಬಿಡುವ ಗುಮಾಸ್ತನೇ ಡೇಟಾಬೇಸ್ ಸರ್ವರ್. ಒಂದು ಖಾತೆಯಿಂದ ಹಣ ಕಳೆದು ಮತ್ತೊಂದಕ್ಕೆ ಸೇರಿಸದೆ ನಡುವೆ ನಿಲ್ಲುವ ಅಧಿಕಾರ ಆ ಗುಮಾಸ್ತನಿಗಿಲ್ಲ. ಪುಸ್ತಕ ಒಂದೇ ಆದದ್ದರಿಂದ ಸೌಕರ್ಯವೂ ಒಂದೇ ಕಡೆ ಕೂಡಿತು. ಅಪಾಯವೂ ಅಲ್ಲಿಯೇ ಕೂಡಿತು.

ಮನುಷ್ಯನು ಬರೆದ ಯಾವ ತಂತ್ರಾಂಶವೂ ನಿರ್ದೋಷವಲ್ಲ. ಲಕ್ಷಾಂತರ ಸಾಲುಗಳ ಬರವಣಿಗೆಯಲ್ಲಿ ಎಲ್ಲಿಯೋ ಒಂದು ಕಡೆ, ಹೊರಗಿನವನು ಒಂದು ವಿಚಿತ್ರವಾದ ಪ್ರಶ್ನೆಯನ್ನು ಕೇಳಿದರೆ ಸರ್ವರ್ ತಬ್ಬಿಬ್ಬಾಗಿ ಅವನಿಗೇ ಅಧಿಕಾರವನ್ನು ಒಪ್ಪಿಸಿಬಿಡುವಂತಹ ರಂಧ್ರವಿರುತ್ತದೆ. ಅದು ಬೆಳಕಿಗೆ ಬಂದಾಗ ತಯಾರಕರು ತೇಪೆಯನ್ನು ಪ್ರಕಟಿಸುತ್ತಾರೆ. ಪ್ರಕಟಿಸಿದ ಕ್ಷಣದಿಂದಲೇ ಆ ರಂಧ್ರ ಲೋಕವಿದಿತವಾಗುತ್ತದೆ. ಹೇಗೆಂದರೆ, ಹಳೆಯ ಪಾಠವನ್ನೂ ಹೊಸ ಪಾಠವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸವಿರುವ ಸ್ಥಳವೇ ದೋಷವಿದ್ದ ಸ್ಥಳ. ಗ್ರಂಥಸಂಪಾದನೆ ಮಾಡಿದವರಿಗೆ ಈ ಕೆಲಸದ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಕಳ್ಳರೂ ಪಾಠಾಂತರಗಳನ್ನು ಹೋಲಿಸುತ್ತಾರೆ, ನಮ್ಮಲ್ಲಿ ಹಲವರಿಗಿಂತ ಶ್ರದ್ಧೆಯಿಂದ. ಆದಕಾರಣ ತೇಪೆ ಬಂದ ದಿನಕ್ಕೂ ಅದನ್ನು ಹಚ್ಚಿದ ದಿನಕ್ಕೂ ನಡುವಣ ಅವಧಿಯೇ ಅತ್ಯಂತ ಅಪಾಯದ ಅವಧಿ.

ಇದಕ್ಕೆ ಡೇಟಾಬೇಸ್ ಸರ್ವರಿನದೇ ಆದ ಪ್ರಸಿದ್ಧ ನಿದರ್ಶನವಿದೆ. ಮೈಕ್ರೋಸಾಫ್ಟ್ ಸಂಸ್ಥೆಯ ಎಸ್‌ಕ್ಯೂಎಲ್ ಸರ್ವರಿನಲ್ಲಿದ್ದ ಒಂದು ರಂಧ್ರಕ್ಕೆ 2002ರ ಜುಲೈ ತಿಂಗಳಲ್ಲಿ ತೇಪೆ ಪ್ರಕಟವಾಯಿತು. ಆರು ತಿಂಗಳ ಮೇಲೆ, 2003ರ ಜನವರಿ 25ರ ಶನಿವಾರ, ನಮ್ಮ ಗಡಿಯಾರದಲ್ಲಿ ಬೆಳಗಿನ ಸುಮಾರು 11 ಗಂಟೆಗೆ, ‘ಸ್ಲ್ಯಾಮರ್’ ಎಂದು ಹೆಸರಾದ ಹುಳುವೊಂದು ಆ ರಂಧ್ರದ ಮೂಲಕ ಹೊರಟಿತು. ಅದರ ಗಾತ್ರ 376 ಬೈಟು ಮಾತ್ರ. ಈ ಪುಟದ ಒಂದು ಸಣ್ಣ ಪ್ಯಾರಾವನ್ನು ತುಂಬಿಡಲೂ ಅಷ್ಟು ಸ್ಥಳ ಸಾಲದು. ಆರಂಭದಲ್ಲಿ ಪ್ರತಿ ಎಂಟೂವರೆ ಸೆಕೆಂಡಿಗೊಮ್ಮೆ ಅದರ ಸಂಖ್ಯೆ ಇಮ್ಮಡಿಯಾಗುತ್ತಿತ್ತೆಂದೂ, ಹತ್ತು ನಿಮಿಷಗಳೊಳಗಾಗಿ ಈಡಾಗಬಲ್ಲ ಯಂತ್ರಗಳಲ್ಲಿ ನೂರಕ್ಕೆ 90ರಷ್ಟನ್ನು ಹಿಡಿಯಿತೆಂದೂ, ಒಟ್ಟು ಸುಮಾರು 75,000 ಯಂತ್ರಗಳು ಅದಕ್ಕೆ ಬಲಿಯಾದವೆಂದೂ ಅದನ್ನು ಅಭ್ಯಸಿಸಿದ ವಿದ್ವಾಂಸರು ಗಣಿಸಿದ್ದಾರೆ. ಅಮೆರಿಕದ ಒಂದು ಪ್ರಮುಖ ಬ್ಯಾಂಕಿನ ಸುಮಾರು 13,000 ಎಟಿಎಮ್‌ಗಳು ಅಂದು ಹಣ ಕೊಡಲಾರದೆ ಹೋದವು. ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ತೇಪೆ ಆರು ತಿಂಗಳಿಂದ ಲಭ್ಯವಿದ್ದಿತು. ಆದರೆ ಅದನ್ನು ಹಚ್ಚುವ ಕ್ರಮ ತೊಡಕಿನದಾಗಿದ್ದರಿಂದ ಹಲವರು ನಾಳೆ, ನಾಡಿದ್ದು ಎಂದು ಮುಂದೂಡಿದ್ದರು. ಮತ್ತೆ ಕೆಲವರಿಗೆ ತಮ್ಮ ಯಂತ್ರದಲ್ಲಿ ಡೇಟಾಬೇಸ್ ಸರ್ವರ್ ಇದೆಯೆಂಬುದೇ ತಿಳಿದಿರಲಿಲ್ಲ. ಬೇರೆ ಯಾವುದೋ ತಂತ್ರಾಂಶದ ಹೊಟ್ಟೆಯೊಳಗೆ ಅದರ ಸಣ್ಣ ರೂಪವೊಂದು ಅಡಗಿ ಕುಳಿತಿತ್ತು.

2017ರ ‘ವಾನಾಕ್ರೈ’ ಉಪದ್ರವದಲ್ಲಿ ಈ ಅಂತರ ಇನ್ನೂ ಕಿರಿದಾಯಿತು. ಮಾರ್ಚ್ 14ರಂದು ತೇಪೆ, ಮೇ 12ರಂದು ಆಕ್ರಮಣ. ಎರಡು ತಿಂಗಳೂ ತುಂಬಲಿಲ್ಲ. ನಮ್ಮ ದೇಶದ ಮಾತನ್ನೇ ಹೇಳುವುದಾದರೆ, ವಿಂಡೋಸ್ ಎಕ್ಸ್‌ಪಿ ವ್ಯವಸ್ಥೆಗೆ ತೇಪೆ ಕೊಡುವುದನ್ನು 2014ರ ಏಪ್ರಿಲ್ 8ರಂದು ನಿಲ್ಲಿಸಲಾಗಿತ್ತು. ಆದರೂ ಅದನ್ನೇ ನೆಚ್ಚಿಕೊಂಡಿದ್ದ ಎಟಿಎಮ್‌ಗಳನ್ನು 2019ರ ಜೂನ್ ಒಳಗಾಗಿ ಬದಲಾಯಿಸತಕ್ಕದ್ದೆಂದು ರಿಸರ್ವ್ ಬ್ಯಾಂಕು 2018ರಲ್ಲಿ ಸುತ್ತೋಲೆ ಹೊರಡಿಸಿ ಗಡುವು ಹಾಕಬೇಕಾಯಿತು.

ಇಷ್ಟು ತಿಳಿದೂ ಬುದ್ಧಿವಂತರಾದ ಜನ ತೇಪೆಯನ್ನು ಮುಂದೂಡುವುದೇಕೆ? ಇದಕ್ಕೆ ಸೋಮಾರಿತನವೆಂಬ ಉತ್ತರ ಸುಲಭ, ಆದರೆ ನಿಜವಲ್ಲ. ಕಚೇರಿಯ ಲೋಕನೀತಿಯಲ್ಲಿ ಇದರ ಬೇರು ಇದೆಯೆಂದು ನನ್ನ ಅಭಿಪ್ರಾಯ. ತೇಪೆ ಹಚ್ಚಿದ್ದರಿಂದ ಸೋಮವಾರ ಬೆಳಿಗ್ಗೆ ಕೌಂಟರ್ ಒಂದು ಗಂಟೆ ನಿಂತರೆ, ಅದನ್ನು ಹಚ್ಚಿದ ಅಧಿಕಾರಿಯ ಹೆಸರು ಹನ್ನೊಂದು ಗಂಟೆಯೊಳಗೆ ಎಲ್ಲರಿಗೂ ತಿಳಿದಿರುತ್ತದೆ. ಸಂಜೆಯೊಳಗೆ ವಿವರಣೆ ಕೇಳುವ ಕಾಗದ ಅವನ ಮೇಜಿನ ಮೇಲಿರುತ್ತದೆ. ತೇಪೆ ಹಚ್ಚದೆ ಆರು ತಿಂಗಳು ಕಳೆದವನನ್ನು ಯಾರೂ ಏನೂ ಕೇಳುವುದಿಲ್ಲ. ಆಕ್ರಮಣ ನಡೆದೇ ಹೋದರೆ ಅದು ‘ಅಂತಾರಾಷ್ಟ್ರೀಯ ಕಳ್ಳರ’ ಕೃತ್ಯವೆನಿಸುತ್ತದೆಯೇ ಹೊರತು ಯಾವೊಬ್ಬ ಗುಮಾಸ್ತನ ತಪ್ಪೆನಿಸುವುದಿಲ್ಲ. ಮಾಡಿದ್ದಕ್ಕೆ ಶಿಕ್ಷೆಯುಂಟು, ಮಾಡದೆ ಬಿಟ್ಟದ್ದಕ್ಕೆ ಇಲ್ಲ. ಇಂತಹ ಸ್ಥಿತಿಯಲ್ಲಿ ಕಡತವು ಮೇಜಿನಿಂದ ಮೇಜಿಗೆ ಸಂಚರಿಸುತ್ತಲೇ ಇರುವುದು ಸ್ವಾಭಾವಿಕ. ಮಾರ್ಚ್ 31ರ ವರ್ಷಾಂತ್ಯದ ಲೆಕ್ಕ ಮುಗಿಯುವವರೆಗೆ ಯಾವ ಬದಲಾವಣೆಯೂ ಕೂಡದೆಂಬ ನಿಯಮ ಅನೇಕ ಬ್ಯಾಂಕುಗಳಲ್ಲಿದೆ, ನಿಯಮ ಯುಕ್ತವಾದದ್ದೇ. ಆದರೆ ಮಾರ್ಚಿಗಾಗಿ ತಡೆದ ತೇಪೆಯೊಂದು ಏಪ್ರಿಲ್ ಕಳೆದು, ಮೇ ಕಳೆದು, ಮಳೆಗಾಲ ಹಿಡಿದ ಮೇಲೂ ಸಹಿಗಾಗಿ ಕಾಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಆ ಕಡತದಲ್ಲಿ ನನ್ನ ಟಿಪ್ಪಣಿಯೂ ಒಂದಿತ್ತು: ‘ಚರ್ಚಿಸುವುದು.’

ಹಾಗಾದರೆ ಮನುಷ್ಯನನ್ನು ನಡುವಿನಿಂದ ತೆಗೆದುಹಾಕಿ ಅಪ್‌ಡೇಟನ್ನು ಯಂತ್ರಕ್ಕೇ ಬಿಟ್ಟುಬಿಡಬಹುದಲ್ಲ ಎಂದು ವಾಚಕರು ಕೇಳಬಹುದು. ಮನೆಯ ಕಂಪ್ಯೂಟರಿಗೂ ಕಿಸೆಯ ಫೋನಿಗೂ ಇದೇ ಸರಿಯಾದ ಉತ್ತರ. ಅಲ್ಲಿ ಇನ್ನೊಂದು ವಿಚಾರಕ್ಕೆ ಎಡೆಯೇ ಇಲ್ಲ. ಸರ್ವರಿನ ವಿಷಯದಲ್ಲಿ ಪ್ರಶ್ನೆ ಇಷ್ಟು ಸರಳವಲ್ಲವೆಂಬುದನ್ನು ಮೂರು ಘಟನೆಗಳು ತೋರಿಸುತ್ತವೆ.

ಮೊದಲನೆಯದು 2024ರ ಜುಲೈ 19ರ ಶುಕ್ರವಾರದ ಘಟನೆ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕನ್ ರಕ್ಷಣಾಸಂಸ್ಥೆಯು ಬೆಳಗಿನ 9 ಗಂಟೆ 39 ನಿಮಿಷಕ್ಕೆ, ಅಂದರೆ ಬೊರಿವಲಿಯಿಂದ ಚರ್ಚ್‌ಗೇಟಿಗೆ ಹೊರಟ ಗಾಡಿಗಳು ತುಂಬಿ ತುಳುಕುವ ಹೊತ್ತಿಗೆ, ತನ್ನ ತಂತ್ರಾಂಶಕ್ಕೆ ಒಂದು ಸಣ್ಣ ಕಡತವನ್ನು ಕಳುಹಿಸಿತು. ದೋಷ ತಿಳಿದು ಅದನ್ನು ಹಿಂತೆಗೆದದ್ದು 78 ನಿಮಿಷಗಳ ಮೇಲೆ. ಅಷ್ಟರಲ್ಲಿ ಲೋಕದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದಿದ್ದವು. ಅವುಗಳಲ್ಲಿ ಹಲವನ್ನು ಒಂದೊಂದಾಗಿ ಕೈಯಿಂದಲೇ ಎಬ್ಬಿಸಬೇಕಾಯಿತು. ನಮ್ಮ ವಿಮಾನನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸನ್ನು ಪೆನ್ನಿನಿಂದ ಬರೆದುಕೊಟ್ಟರು. ಭಾರತದ ಬ್ಯಾಂಕುಗಳಿಗೆ ಹೆಚ್ಚಿನ ಹಾನಿ ತಟ್ಟಲಿಲ್ಲ. ಹತ್ತು ಸಂಸ್ಥೆಗಳಲ್ಲಿ ಮಾತ್ರ ಅಲ್ಪ ಅಡಚಣೆಯಾಯಿತೆಂದು ರಿಸರ್ವ್ ಬ್ಯಾಂಕು ಅಂದೇ ತಿಳಿಸಿತು. ಆದರೆ ಈ ಘಟನೆಯಲ್ಲಿ ಒಂದು ಸೂಕ್ಷ್ಮವಿದೆ. ಕೆಲವು ಎಚ್ಚರಿಕೆಯ ಸಂಸ್ಥೆಗಳು ತಂತ್ರಾಂಶದ ಹೊಸ ಆವೃತ್ತಿಯನ್ನು ಒಡನೆಯೇ ತೆಗೆದುಕೊಳ್ಳದೆ ಒಂದು ಹೆಜ್ಜೆ ಹಿಂದೆ ಉಳಿಯುವ ಏರ್ಪಾಡನ್ನು ಮಾಡಿಕೊಂಡಿದ್ದವು. ಅವೂ ಕುಸಿದವು. ಏಕೆಂದರೆ ಅಂದು ಬಂದದ್ದು ‘ಆವೃತ್ತಿ’ ಎನಿಸಿಕೊಳ್ಳುವಂತಹುದಾಗಿರಲಿಲ್ಲ. ಕಳ್ಳರ ಲಕ್ಷಣಗಳನ್ನು ಹೇಳುವ ಪಟ್ಟಿಯಾಗಿತ್ತು, ಮತ್ತು ಪಟ್ಟಿಗೆ ಆ ಏರ್ಪಾಡು ಅನ್ವಯಿಸುತ್ತಿರಲಿಲ್ಲ. ಮುಂಬಾಗಿಲಿಗೆ ಕಾವಲಿಟ್ಟವರು ಪತ್ರಿಕೆ ಹಾಕುವ ಕಿಂಡಿಯನ್ನು ಮರೆತಂತಾಯಿತು.

ಎರಡನೆಯದು ನಮ್ಮ ಸಮುದ್ರತೀರಕ್ಕೇ ಬಂದು ಮುಟ್ಟಿದ ಘಟನೆ. 2017ರ ಜೂನ್ 27ರಂದು ಯುಕ್ರೇನಿನಲ್ಲಿ ಎಂ.ಇ.ಡಾಕ್ ಎಂಬ ತೆರಿಗೆ ಲೆಕ್ಕದ ತಂತ್ರಾಂಶದ ಅಪ್‌ಡೇಟ್ ವ್ಯವಸ್ಥೆಯನ್ನೇ ವಶಪಡಿಸಿಕೊಂಡ ಆಕ್ರಮಣಕಾರರು ಅದರ ಮೂಲಕ ‘ನಾಟ್‌ಪೆಟ್ಯಾ’ ಎಂಬ ವಿಷವನ್ನು ಹಂಚಿದರು. ಅದು ಡೆನ್ಮಾರ್ಕಿನ ಮರ್ಸ್ಕ್ ಹಡಗು ಸಂಸ್ಥೆಯ ಒಳಹೊಕ್ಕು, ಆ ಸಂಸ್ಥೆಯ ಅಂಗವೊಂದು ನಡೆಸುತ್ತಿದ್ದ ನ್ಹಾವಾ ಶೇವಾದ ಜವಾಹರಲಾಲ್ ನೆಹರು ಬಂದರಿನ ಟರ್ಮಿನಲಿನ ಕೆಲಸವನ್ನು ನಿಲ್ಲಿಸಿತು. ಮುಂಬಯಿಯ ಕೊಲ್ಲಿಯ ಆಚೆ ದಡದಲ್ಲಿ ಕಂಟೇನರುಗಳು ಕದಲದೆ ನಿಂತದ್ದಕ್ಕೆ ಕಾರಣ ಎಲ್ಲಿಯೋ ಯಾರೋ ನಂಬಿ ಸ್ವೀಕರಿಸಿದ ಒಂದು ಅಪ್‌ಡೇಟು. ಮರ್ಸ್ಕ್ ಸಂಸ್ಥೆಯು ತನ್ನ 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ ಹತ್ತು ದಿನಗಳಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಅದರ ಬಳಕೆದಾರರ ಮುಖ್ಯ ಪಟ್ಟಿಯ ಪ್ರತಿಗಳೆಲ್ಲ ಎಲ್ಲೆಡೆ ನಾಶವಾಗಿ, ಘಾನಾ ದೇಶದ ಕಚೇರಿಯಲ್ಲಿ ಒಂದು ಪ್ರತಿ ಉಳಿದಿತ್ತು. ಆಕ್ರಮಣದ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿದ್ದುದೇ ಅದಕ್ಕೆ ಕಾರಣ. ವಿದ್ಯುತ್ತು ಕೈಕೊಟ್ಟದ್ದರಿಂದ ಲಾಭವಾದ ಪ್ರಸಂಗ ಮತ್ತೊಂದನ್ನು ನಾನರಿಯೆ. ಈ ವಿಷವು ಒಳಗೆ ಬಂದದ್ದು ಅಪ್‌ಡೇಟಿನ ರೂಪದಲ್ಲಿ. ಒಳಗೆ ಹರಡಿದ್ದು ಭಾಗಶಃ ಮಾರ್ಚ್ ತಿಂಗಳ ಆ ತೇಪೆಯನ್ನು ಹಚ್ಚದಿದ್ದ ಯಂತ್ರಗಳ ಮೂಲಕ, ಭಾಗಶಃ ಕದ್ದ ಪಾಸ್‌ವರ್ಡುಗಳ ಮೂಲಕ. ಒಂದೇ ಘಟನೆಯು ಎರಡು ಪಕ್ಷಗಳಿಗೂ ಸಾಕ್ಷ್ಯವನ್ನು ಒದಗಿಸುತ್ತದೆ.

ಮೂರನೆಯ ಘಟನೆಯಲ್ಲಿ ಅನಾಹುತ ಕೂದಲೆಳೆಯ ಅಂತರದಲ್ಲಿ ತಪ್ಪಿತು, ತಪ್ಪಿಸಿದವರು ಡೇಟಾಬೇಸ್ ಕ್ಷೇತ್ರದವರು ಎಂಬುದು ನಮಗೆ ವಿಶೇಷ. 2024ರ ಮಾರ್ಚ್ ತಿಂಗಳಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಬೆಳೆಸುವವರಲ್ಲಿ ಒಬ್ಬರಾದ ಆಂಡ್ರೆಸ್ ಫ್ರಾಯಿಂಡ್ ಎಂಬವರು ಅದರ ವೇಗವನ್ನು ಅಳೆಯುತ್ತಿದ್ದಾಗ, ದೂರದಿಂದ ಯಂತ್ರದೊಳಕ್ಕೆ ಪ್ರವೇಶಿಸಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಕಂಡರು. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಅವರು ಬೆನ್ನುಹತ್ತಿ ನೋಡಲಾಗಿ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಾಮಾನ್ಯ ತಂತ್ರಾಂಶದ ಹೊಸ ಆವೃತ್ತಿಯಲ್ಲಿ, ವರ್ಷಗಟ್ಟಲೆ ವಿಶ್ವಾಸ ಗಳಿಸಿಕೊಂಡಿದ್ದ ಅಜ್ಞಾತನೊಬ್ಬನು ಹಿಂಬಾಗಿಲನ್ನು ಕೊರೆದಿಟ್ಟಿದ್ದನು. ಮಾರ್ಚ್ 29ರಂದು ಅದು ಪ್ರಕಟವಾಯಿತು. ಹೊಸ ಆವೃತ್ತಿಯನ್ನು ಬಂದ ಬಂದ ಹಾಗೆಯೇ ಸೇರಿಸಿಕೊಳ್ಳುವ ಮತ್ತು ಪರೀಕ್ಷೆಗೆಂದು ಇರುವ ಲಿನಕ್ಸ್ ಪ್ರಭೇದಗಳಲ್ಲಿ ಮಾತ್ರ ಅದು ಸೇರಿತ್ತು. ತಾಳ್ಮೆಯಿಂದ ಹಳೆಯದರಲ್ಲೇ ಉಳಿದಿದ್ದ ಸರ್ವರುಗಳಿಗೆ ಅದು ತಲುಪಿರಲೇ ಇಲ್ಲ.

ಇವೆಲ್ಲ ಸರ್ವರುಗಳ ಸಾಮಾನ್ಯ ಕಷ್ಟಗಳಾದವು. ಡೇಟಾಬೇಸಿಗೆ ಇವಲ್ಲದೆ ತನ್ನದೇ ಆದ ಕಷ್ಟಗಳೂ ಉಂಟು. ತೇಪೆ ಹಚ್ಚಲು ಸಾಧಾರಣವಾಗಿ ಅದನ್ನು ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ಆಗ ಅರ್ಧದಲ್ಲಿದ್ದ ವ್ಯವಹಾರಗಳೆಲ್ಲ ರದ್ದಾಗುತ್ತವೆ. ಎದ್ದ ಮೇಲೂ, ನೆನಪಿನಲ್ಲಿಟ್ಟುಕೊಂಡಿದ್ದ ಪುಟಗಳೆಲ್ಲ ಮರೆತುಹೋಗಿರುವುದರಿಂದ ಕೆಲವು ಹೊತ್ತು ಅದು ನಿದ್ದೆಗಣ್ಣಿನಲ್ಲಿರುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ ಸದ್ದಿಲ್ಲದೆ ಆಗುವ ಹಾನಿ. ಅದನ್ನು ನಾನು ಸ್ವಂತ ಅನುಭವದಿಂದ ಬಲ್ಲೆ.

ಉಪನಗರದ ಕನ್ನಡ ಸಂಘವೊಂದರ ಪುಸ್ತಕಭಂಡಾರದ ಕ್ಯಾಟಲಾಗನ್ನು ಹಲವು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಹಳೆಯ ಕಂಪ್ಯೂಟರೊಂದರಲ್ಲಿ ಲಿನಕ್ಸ್, ಅದರ ಮೇಲೆ ಪೋಸ್ಟ್‌ಗ್ರೆಸ್, ಅದರೊಳಗೆ ಕೆಲವು ಸಾವಿರ ಪುಸ್ತಕಗಳ ವಿವರ. ಆ ಯಂತ್ರವು ಸಣ್ಣ ತೇಪೆಗಳನ್ನು ಮಾತ್ರವಲ್ಲದೆ ಮೂಲವ್ಯವಸ್ಥೆಯ ಹೊಸ ಆವೃತ್ತಿಯನ್ನೂ ತಾನಾಗಿ ಪಡೆದುಕೊಳ್ಳುವಂತೆ ನಾನು ಆಜ್ಞೆ ಬರೆದಿಟ್ಟಿದ್ದೆ. ಭಾನುವಾರ ಮಾತ್ರ ಅತ್ತ ಹೋಗುವ ನನಗೆ ಅದು ದೊಡ್ಡ ಸೌಕರ್ಯವೆನಿಸಿತ್ತು. 2019ರ ಕೊನೆಯಲ್ಲಿ ಹಾಗೆ ಹೊಸ ಆವೃತ್ತಿ ಬಂದು ಸೇರಿತು; ಎಲ್ಲವೂ ಸರಿಯಾಗಿ ನಡೆದಂತೆ ತೋರಿತು. ಕೆಲವು ವಾರಗಳ ಮೇಲೆ ಸದಸ್ಯರೊಬ್ಬರು ಒಂದು ಪುಸ್ತಕದ ಸಂಖ್ಯೆ ಹೇಳಿ ಕೇಳಿದರೆ ಯಂತ್ರ ‘ಇಲ್ಲ’ ಎಂದಿತು. ಪುಸ್ತಕ ಕಪಾಟಿನಲ್ಲೇ ಇತ್ತು. ನಮ್ಮ ಸ್ವಯಂಸೇವಕರು ಅದನ್ನು ಹೊಸದಾಗಿ ಸೇರಿಸಿದರು. ಒಂದು ಸಂಖ್ಯೆ ಎರಡು ಸಲ ಬರಕೂಡದೆಂಬ ಕಟ್ಟುಪಾಡಿದ್ದರೂ ಯಂತ್ರವು ಅದನ್ನು ಮರುಮಾತಿಲ್ಲದೆ ಒಪ್ಪಿಕೊಂಡಿತು. ಹೀಗೆ ಒಂದೇ ಸಂಖ್ಯೆಯ ಜೋಡಿಗಳು ಬೆಳೆಯತೊಡಗಿದವು.

ಕಾರಣವನ್ನು ಹುಡುಕಲು ನನಗೆ ಎರಡು ಭಾನುವಾರ ಹಿಡಿಯಿತು. ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬ ನಿಯಮವನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ತಾನೇ ಇಟ್ಟುಕೊಳ್ಳದೆ ಮೂಲವ್ಯವಸ್ಥೆಯ ಜಿಲಿಬ್ಸಿ ಎಂಬ ಭಾಗದಿಂದ ಕೇಳಿ ಪಡೆಯುತ್ತದೆ. 2018ರಲ್ಲಿ ಬಂದ ಜಿಲಿಬ್ಸಿಯ 2.28ನೆಯ ಆವೃತ್ತಿಯಲ್ಲಿ ಆ ನಿಯಮವನ್ನೇ ಬದಲಾಯಿಸಿದ್ದರು. ನಡುವೆ ಅಡ್ಡಗೆರೆಯಿರುವ ಸಂಖ್ಯೆಗಳ ಸ್ಥಾನವೂ ಅದರಿಂದ ವ್ಯತ್ಯಾಸವಾಯಿತು. ನಮ್ಮ ಪುಸ್ತಕಸಂಖ್ಯೆಗಳಲ್ಲೆಲ್ಲ ಅಡ್ಡಗೆರೆ! ಡೇಟಾಬೇಸಿನ ಇಂಡೆಕ್ಸ್ ಹಳೆಯ ಕ್ರಮದಲ್ಲಿ ಕಟ್ಟಿದ್ದು. ಹುಡುಕುವವನು ಮಾತ್ರ ಹೊಸ ಕ್ರಮವನ್ನು ಕಲಿತಿದ್ದನು. ನಿಘಂಟುಗಳಲ್ಲಿ ‘ಕ್ಷಮೆ’ ಎಂಬ ಪದ ಕಕಾರದ ಕೆಳಗೆ ಬರುತ್ತದೆ. ಶಾಲೆಯ ವರ್ಣಮಾಲೆಯ ಪಟದಲ್ಲಿ ಕ್ಷಕಾರವನ್ನು ಳಕಾರದ ಆಚೆ ಕಂಡ ಬಾಲಕನು ನಿಘಂಟಿನ ಕಡೆಯ ಪುಟಗಳನ್ನು ತಿರುವಿ, ಕನ್ನಡದಲ್ಲಿ ಕ್ಷಮೆಯೇ ಇಲ್ಲವೆಂದು ಸಾರಿದರೆ ಹೇಗೋ ಹಾಗೆ. ಜೋಡಿಗಳನ್ನು ಕೈಯಿಂದ ಅಳಿಸಿ ಇಂಡೆಕ್ಸನ್ನು ಹೊಸದಾಗಿ ಕಟ್ಟಿದ ಮೇಲೆ ಕ್ಯಾಟಲಾಗು ಸರಿಹೋಯಿತು. ಪೋಸ್ಟ್‌ಗ್ರೆಸಿನ ಈಚಿನ ಆವೃತ್ತಿಗಳು ಇಂತಹ ಹೊಂದಾಣಿಕೆ ತಪ್ಪಿದಾಗ ಎಚ್ಚರಿಕೆ ಕೊಡುತ್ತವೆ. ಆದರೆ ಎಚ್ಚರಿಕೆಯನ್ನು ಓದಲು ಯಾರಾದರೂ ಅಲ್ಲಿರಬೇಕಷ್ಟೆ. ಇಲ್ಲಿ ಕೆಟ್ಟದ್ದು ಪುಸ್ತಕಪಟ್ಟಿ. ಇದೇ ತಪ್ಪು ಠೇವಣಿದಾರರ ಖಾತೆಸಂಖ್ಯೆಗಳಲ್ಲಿ ನಡೆದಿದ್ದರೆ ಎಂಬುದನ್ನು ನೆನೆದು ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹಾಗೆಂದು ಸಣ್ಣ ತೇಪೆಗಳೇ ನಿರಪಾಯವೆನ್ನುವಂತೆಯೂ ಇಲ್ಲ. 2024ರ ನವೆಂಬರ್ 14ರಂದು ಬಂದ ಪೋಸ್ಟ್‌ಗ್ರೆಸಿನ 17.1ನೆಯ ಆವೃತ್ತಿಯು ರಂಧ್ರಗಳನ್ನು ಮುಚ್ಚಿತು. ಜೊತೆಗೆ ಅದರ ಮೇಲೆ ನಿಂತಿದ್ದ ಕೆಲವು ಉಪತಂತ್ರಾಂಶಗಳೊಡನೆ ಹೊಂದಾಣಿಕೆಯನ್ನೂ ಕೆಡಿಸಿತು. ವಾರದೊಳಗೆ, ನವೆಂಬರ್ 21ಕ್ಕೆ, 17.2 ಬಂದಿತು. ಏಳು ದಿನ ಕಾದವನು ಕೆಡುಕಿನಿಂದ ಪಾರಾದನು. ಆದರೆ ಆ ಏಳು ದಿನವೂ ಅವನ ಮನೆಯಲ್ಲಿ ರಂಧ್ರ ತೆರೆದೇ ಇತ್ತು.

ಬ್ಯಾಂಕಿನವರಿಗೆ ಇಂತಹ ಇಕ್ಕಟ್ಟು ಹೊಸದಲ್ಲ. ಭದ್ರಕೋಠಡಿಯ ಬೀಗಕ್ಕೆ ಎರಡು ಕೈಗಳು, ಇಬ್ಬರು ಅಧಿಕಾರಿಗಳ ಬಳಿ. ಒಬ್ಬನಿಂದಲೇ ಬಾಗಿಲು ತೆರೆಯುವುದಿಲ್ಲ. ನಕಲಿ ಕೈಗಳು ಬೇರೊಂದು ಶಾಖೆಯ ವಶದಲ್ಲಿ. ತಾನಾಗಿ ಬರುವ ಅಪ್‌ಡೇಟೆಂದರೆ ಬೀಗ ಮಾಡುವ ಕಂಪನಿಗೆ ಮೂರನೆಯ ಕೈಯೊಂದನ್ನು ಕೊಟ್ಟು, ರಾತ್ರಿ ಬೇಕಾದಾಗ ಬಂದು ಬೀಗ ಬದಲಿಸಿ ಹೋಗು ಎಂದಂತೆ. ಯಾವ ಮ್ಯಾನೇಜರನೂ ಇದಕ್ಕೊಪ್ಪನು. ಆದರೆ ಆ ಬೀಗ ತಲೆಪಿನ್ನಿನಿಂದ ತೆರೆಯುತ್ತದೆಂದು ಊರಿಗೆಲ್ಲ ಡಂಗುರ ಹೊಡೆದಾಗಿದ್ದು, ಹೊಸ ಬೀಗವನ್ನು ಹಿಡಿದ ಕಮ್ಮಾರನು ಹೊರಗೆ ಕಾಯುತ್ತಿದ್ದರೆ, ‘ಚರ್ಚಿಸುವುದು’ ಎಂದು ಟಿಪ್ಪಣಿ ಬರೆಯುವುದೂ ವಿವೇಕವಲ್ಲ.

ದೊಡ್ಡ ಬ್ಯಾಂಕುಗಳು ಕಂಡುಕೊಂಡಿರುವ ಮಾರ್ಗ ಬೊರಿವಲಿಯ ನಿವಾಸಿಗಳಿಗೆ ಚಿರಪರಿಚಿತವಾದದ್ದೇ. ಭಾನುವಾರ ಪಶ್ಚಿಮ ರೈಲ್ವೆಯು ‘ಜಂಬೋ ಬ್ಲಾಕ್’ ಘೋಷಿಸುತ್ತದೆ. ದಿನ ಮೊದಲೇ ತಿಳಿಸಿ, ವೇಗದ ಹಳಿಯನ್ನು ಕೆಲವು ಗಂಟೆ ಮುಚ್ಚಿ, ಗಾಡಿಗಳನ್ನೆಲ್ಲ ನಿಧಾನದ ಹಳಿಗೆ ತಿರುಗಿಸಿ, ರಿಪೇರಿ ಮುಗಿದ ಮೇಲೆ ಮೊದಲಿನಂತೆ ಓಡಿಸುತ್ತದೆ. ನಾವು ಗೊಣಗುತ್ತೇವೆ, ಆದರೆ ಭಾನುವಾರ ಗೊಣಗುವುದು ಸೋಮವಾರ ಹಳಿ ತಪ್ಪುವುದಕ್ಕಿಂತ ಮೇಲು. ಡೇಟಾಬೇಸಿಗೂ ಇಂತಹ ಎರಡನೆಯ ಹಳಿಯುಂಟು: ಮುಖ್ಯ ಸರ್ವರಿನಲ್ಲಿ ಬರೆದದ್ದನ್ನೆಲ್ಲ ಕ್ಷಣಕ್ಷಣಕ್ಕೂ ನಕಲು ಮಾಡಿಕೊಳ್ಳುವ ಜೊತೆ ಸರ್ವರ್. ತೇಪೆಯನ್ನು ಮೊದಲು ಪ್ರಯೋಗಕ್ಕೆಂದೇ ಇಟ್ಟ ಯಂತ್ರದಲ್ಲಿ ಹಚ್ಚಿ, ದಿನದ ವ್ಯವಹಾರದ ಮಾದರಿಯನ್ನು ಅದರ ಮೇಲೆ ಓಡಿಸಿ ನೋಡುತ್ತಾರೆ. ಅನಂತರ ಜೊತೆ ಸರ್ವರಿಗೆ. ಅದು ಸರಿನಿಂತರೆ ಕೆಲಸವನ್ನು ಅದಕ್ಕೆ ವರ್ಗಾಯಿಸಿ ಕೊನೆಯಲ್ಲಿ ಮುಖ್ಯ ಸರ್ವರಿಗೆ. ತೇಪೆ ಇಂಟರ್‌ನೆಟ್ಟಿನಿಂದ ನೇರವಾಗಿ ಡೇಟಾಬೇಸಿಗೆ ಬರುವುದಿಲ್ಲ; ಬ್ಯಾಂಕಿನ ಒಳಗಿನ ಒಂದು ಉಗ್ರಾಣಕ್ಕೆ ಬಂದು, ಅದರ ಮೇಲಿನ ತಯಾರಕರ ಮುದ್ರೆಯ ಪರೀಕ್ಷೆಯಾಗಿ, ಅಲ್ಲಿಂದ ಹಂಚಿಕೆಯಾಗುತ್ತದೆ. ರಿಸರ್ವ್ ಬ್ಯಾಂಕಿನ 2016ರ ಜೂನ್ 2ರ ಸೈಬರ್ ಭದ್ರತೆಯ ಸುತ್ತೋಲೆಯೂ ತೇಪೆಯ ನಿರ್ವಹಣೆಯನ್ನು ಬ್ಯಾಂಕಿನ ಕರ್ತವ್ಯಗಳಲ್ಲಿ ಸೇರಿಸಿದೆ.

ಈ ಕ್ರಮದಲ್ಲಿ ಎಷ್ಟು ದಿನ ಕಳೆಯಬಹುದು ಎಂಬುದೇ ಜೀವಾಳದ ಪ್ರಶ್ನೆ. ರಂಧ್ರವನ್ನು ಕಳ್ಳರು ಬಳಸುತ್ತಿರುವ ಸುದ್ದಿ ಬಂದಿದ್ದರೆ ಒಂದೆರಡು ದಿನ. ಇಲ್ಲದಿದ್ದರೆ ವಾರ, ಹೆಚ್ಚೆಂದರೆ ಎರಡು ವಾರ. ತಿಂಗಳುಗಳ ಲೆಕ್ಕ ಯಾವ ಸಂದರ್ಭದಲ್ಲಿಯೂ ಸಲ್ಲದು. ಗಡುವನ್ನು ಮೊದಲೇ ಬರೆದಿಟ್ಟು, ಅದನ್ನು ಮೀರಿದರೆ ಮೀರಿದವನೇ ವಿವರಣೆ ಬರೆಯಬೇಕೆಂದು ಮಾಡಿದರೆ, ಹಿಂದೆ ಹೇಳಿದ ಕಚೇರಿಯ ಲೋಕನೀತಿ ತಲೆಕೆಳಗಾಗುತ್ತದೆ. ನನಗೆ ತೋರುವಂತೆ ಯಾವ ಹೊಸ ಯಂತ್ರಕ್ಕಿಂತಲೂ ಈ ಒಂದು ಸಾಲಿನ ಆಜ್ಞೆಯಿಂದ ಆಗುವ ಉಪಕಾರ ದೊಡ್ಡದು.

ಇನ್ನೊಂದು ಸಂಗತಿಯನ್ನು ಸೇರಿಸದಿದ್ದರೆ ವಿವೇಚನೆ ಅಪೂರ್ಣವಾಗುತ್ತದೆ. ಸ್ಲ್ಯಾಮರ್ ಬಂದ ದಿನ ತೇಪೆ ಹಚ್ಚದಿದ್ದರೂ ಪಾರಾದವರಿದ್ದರು. ಅವರು ಡೇಟಾಬೇಸಿನ 1434ನೆಯ ಕಿಂಡಿಯನ್ನು ಹೊರಜಗತ್ತಿಗೆ ಮುಚ್ಚಿದ್ದರು. 2017ರ ಜನವರಿಯಲ್ಲಿ ಮೊಂಗೋಡಿಬಿ ಎಂಬ ಡೇಟಾಬೇಸನ್ನು ಪಾಸ್‌ವರ್ಡ್ ಇಲ್ಲದೆ ಇಂಟರ್‌ನೆಟ್ಟಿಗೆ ತೆರೆದಿಟ್ಟಿದ್ದ ಸಾವಿರಾರು ಮಂದಿಯ ದತ್ತವನ್ನು ಅಳಿಸಿ, ಹಿಂದಿರುಗಿಸಲು ಹಣ ಕೇಳಲಾಯಿತು. ಅಲ್ಲಿ ಯಾವ ತೇಪೆಯೂ ಅವರನ್ನು ಕಾಯುತ್ತಿರಲಿಲ್ಲ. ಡೇಟಾಬೇಸನ್ನು ಒಳಮನೆಯಲ್ಲಿಟ್ಟು, ಕೆಲವೇ ಯಂತ್ರಗಳು ಮಾತ್ರ ಅದನ್ನು ಮಾತಾಡಿಸುವಂತೆ ಮಾಡಿದರೆ, ತೇಪೆಯನ್ನು ಪರೀಕ್ಷಿಸಲು ಬೇಕಾದ ಆ ಒಂದು ವಾರದ ಬಿಡುವು ನ್ಯಾಯವಾಗಿ ದೊರೆಯುತ್ತದೆ. ಬೀದಿಯಲ್ಲಿ ಕುಳಿತವನಿಗೆ ಆ ಬಿಡುವಿಲ್ಲ.

ಸಣ್ಣ ಸಂಸ್ಥೆಗಳ ಪಾಡೇನು? ಮುಂಬಯಿಯಲ್ಲಿ ನಮ್ಮ ಕರಾವಳಿಯ ಜನ ಕೂಡಿ ಕಟ್ಟಿದ ಸಹಕಾರಿ ಬ್ಯಾಂಕುಗಳೂ ಕ್ರೆಡಿಟ್ ಸೊಸೈಟಿಗಳೂ ಸಾಕಷ್ಟಿವೆ. ಅವುಗಳಲ್ಲಿ ಚಿಕ್ಕವುಗಳಿಗೆ ಜೊತೆ ಸರ್ವರ್, ಪ್ರಯೋಗಯಂತ್ರ, ರಾತ್ರಿ ಕಾಯುವ ತಂತ್ರಜ್ಞ, ಇವೆಲ್ಲ ನಿಲುಕುವ ಮಾತಲ್ಲ. ರಿಸರ್ವ್ ಬ್ಯಾಂಕು 2019ರ ಡಿಸೆಂಬರ್ 31ರಂದು ನಗರ ಸಹಕಾರಿ ಬ್ಯಾಂಕುಗಳನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿ, ಅವರವರ ಶಕ್ತಿಗೆ ತಕ್ಕ ಭದ್ರತೆಯನ್ನು ವಿಧಿಸಿದ್ದು ಇದನ್ನರಿತೇ. ಇಂತಹ ಬ್ಯಾಂಕುಗಳಲ್ಲಿ ಅನೇಕವು ಡೇಟಾಬೇಸಿನ ಭಾರವನ್ನು ಹೊರಗಿನ ಸೇವಾಸಂಸ್ಥೆಗೆ ಒಪ್ಪಿಸುತ್ತವೆ. ಅದರಲ್ಲಿ ಜಾಣತನವಿದೆ, ನಿಶ್ಚಿಂತೆಯಿಲ್ಲ. 2024ರ ಜುಲೈ ಕೊನೆಯಲ್ಲಿ ಅಂತಹ ಸೇವೆ ನೀಡುವ ಸಿ-ಎಜ್ ಟೆಕ್ನಾಲಜೀಸ್ ಮೇಲೆ ರ‍್ಯಾನ್ಸಮ್‌ವೇರ್ ಆಕ್ರಮಣವಾಗಿ, ಜುಲೈ 31ರಂದು ರಾಷ್ಟ್ರೀಯ ಪಾವತಿ ನಿಗಮವು ಅದರ ಸಂಪರ್ಕವನ್ನು ಕಡಿದಿಟ್ಟಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗಿರಾಕಿಗಳು ಪಾವತಿಯ ಜಾಲದಿಂದ ಹೊರಗುಳಿದರು. ಮರುದಿನ ಸಂಪರ್ಕ ಮರಳಿತು. ಕ್ಲೌಡ್‌ಸೆಕ್ ಎಂಬ ಭದ್ರತಾಸಂಸ್ಥೆಯು ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಕಳ್ಳರು ಹೊಕ್ಕದ್ದು ಸಂಬಂಧಪಟ್ಟ ಮತ್ತೊಂದು ಕಂಪನಿಯ ಜೆಂಕಿನ್ಸ್ ಎಂಬ ತಂತ್ರಾಂಶದ ರಂಧ್ರದ ಮೂಲಕ. ಆ ರಂಧ್ರಕ್ಕೆ ಜನವರಿ 24ರಂದೇ ತೇಪೆ ಪ್ರಕಟವಾಗಿತ್ತು. ತಿಂಗಳ ಕೊನೆಯ ದಿನ ಊರಿಗೆ ಹಣ ಕಳುಹಿಸಲು ಕಾದಿದ್ದ ಹೋಟೆಲ್ ಮಾಣಿಗೆ ಜೆಂಕಿನ್ಸ್ ಎಂಬುದು ಯಾವ ಊರಿನ ಹೆಸರೋ ತಿಳಿಯದು.

ಆದುದರಿಂದ ಸಣ್ಣ ಸಂಸ್ಥೆಗೆ ನನ್ನ ಸಲಹೆ ದೊಡ್ಡ ಬ್ಯಾಂಕಿನದಕ್ಕಿಂತ ಭಿನ್ನ. ನೋಡುವವರಿಲ್ಲದ ಯಂತ್ರದಲ್ಲಿ ಭದ್ರತೆಯ ತೇಪೆಗಳು ತಾವಾಗಿ ಬರಲಿ. ಒಂದು ಬೆಳಿಗ್ಗೆ ಸರ್ವರ್ ಏಳದೆ ಹೋದರೆ ಅರ್ಧ ದಿನದ ಕೆಲಸ ಕೆಡುತ್ತದೆ. ತೇಪೆಯಿಲ್ಲದೆ ವರ್ಷ ಕಳೆದ ಯಂತ್ರದಲ್ಲಿ ಕೆಡುವುದು ಅಷ್ಟಕ್ಕೆ ನಿಲ್ಲುವುದಿಲ್ಲ. ಆದರೆ ಭದ್ರತೆಯ ತೇಪೆ ಬೇರೆ, ಹೊಸ ಆವೃತ್ತಿ ಬೇರೆ. ಎರಡನೆಯದನ್ನು ಯಂತ್ರದ ಇಷ್ಟಕ್ಕೆ ಬಿಡಕೂಡದು. ಮತ್ತು ಪ್ರತಿದಿನದ ನಕಲೊಂದು ಆ ಯಂತ್ರದ ಕೈಗೆಟುಕದ ಸ್ಥಳದಲ್ಲಿರಬೇಕು.

ನಮ್ಮ ಪುಸ್ತಕಭಂಡಾರದ ಯಂತ್ರವನ್ನೂ ಈಗ ಹೀಗೆಯೇ ಅಳವಡಿಸಿದ್ದೇನೆ. ಭದ್ರತೆಯ ತೇಪೆಗಳು ರಾತ್ರಿ ತಾವಾಗಿ ಇಳಿಯುತ್ತವೆ. ಪೋಸ್ಟ್‌ಗ್ರೆಸನ್ನು ಮಾತ್ರ ಆ ಪಟ್ಟಿಯಿಂದ ಹೊರಗಿಟ್ಟಿದ್ದೇನೆ. ಹೊಸ ತೇಪೆ ಬಂದಿದೆಯೆಂದು ಯಂತ್ರ ನನಗೆ ಪತ್ರ ಬರೆಯುತ್ತದೆ, ಮುಂದಿನ ಭಾನುವಾರ ನಾನು ಹೋಗಿ ಹಚ್ಚುತ್ತೇನೆ. ಬ್ಯಾಂಕಿಗೆ ರಜೆಯಿರುವ ಎರಡನೆಯ ಶನಿವಾರದಂದು ನಕಲನ್ನು ಮತ್ತೊಂದು ಕಂಪ್ಯೂಟರಿನಲ್ಲಿ ತೆರೆದು, ಅಡ್ಡಗೆರೆಯಿರುವ ಹತ್ತು ಪುಸ್ತಕಸಂಖ್ಯೆಗಳನ್ನು ಕೇಳಿ, ಹತ್ತೂ ಸಿಕ್ಕಿದ ಮೇಲೆ ಕಪಾಟಿಗೆ ಬೀಗ ಹಾಕಿ ಬರುತ್ತೇನೆ. ಕಳೆದ ತಿಂಗಳು ಒಂಬತ್ತು ಸಿಕ್ಕವು. ಹತ್ತನೆಯದನ್ನು ಸದಸ್ಯರೊಬ್ಬರು ಮೂರು ವರ್ಷಗಳ ಹಿಂದೆ ಕೊಂಡೊಯ್ದು ಹಿಂದಿರುಗಿಸಿರಲಿಲ್ಲವಾಗಿ, ಅದನ್ನು ಪಟ್ಟಿಯಿಂದ ತೆಗೆದುಹಾಕಿದ್ದರು.